ಎಂಜಲು ಪರೀಕ್ಷೆಗಿಂತ ಸ್ಟಾಪ್‌ವಾಚ್ ಮೇಲು

2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಭಾಗಿಸಿ ನೋಡಿದರು. ನೂರು ಮೀಟರಿಗೆ 9.55 ಸೆಕೆಂಡು ಬಂತು. ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು, ಸುದ್ದಿ ದೇಶವನ್ನೆಲ್ಲ ಸುತ್ತಿತು. ಆಗ ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದರು. ಅದೇ ತಿಂಗಳು ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟಿ ಅವರ ಹೆಸರಿನಲ್ಲಿ ಇನ್ನೂ ಕಡಿಮೆ, 9.51ರ ಲೆಕ್ಕ ಹೊರಬಿತ್ತು. ಗೌಡರು ಮಾತ್ರ ಟ್ರಯಲ್ಸ್‌ಗೆ ಹೋಗಲಿಲ್ಲ. ಕಂಬಳವೇ ತನ್ನ ಓಟ, ಟ್ರ್ಯಾಕಿನ ಓಟವೇ ಬೇರೆ ಎಂದು ಹೇಳಿ ಕೆಸರುಗದ್ದೆಗೆ ಮರಳಿದರು. ಆ ಗಲಾಟೆಯಲ್ಲಿ ಸರಿಯಾಗಿ ಲೆಕ್ಕ ಹಾಕಿದವರು ಬಹುಶಃ ಅವರೊಬ್ಬರೇ.

ಭಾಗಾಕಾರ ಎಲ್ಲಿ ಎಡವಿತು ಎಂದು ತೋರಿಸಲು ಬೋಲ್ಟ್ ಅವರದ್ದೇ ಉದಾಹರಣೆ ಸಾಕು. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯೊಂದರಲ್ಲಿ ಹಾಸಿದ್ದ ಟ್ರ್ಯಾಕಿನ ಮೇಲೆ ಅವರು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದರು. ಅದನ್ನೂ ಹೀಗೆಯೇ ಭಾಗಿಸಿದರೆ ನೂರು ಮೀಟರಿಗೆ 9.57 ಬರುತ್ತದೆ. ಆದರೆ ಆ ಹೊತ್ತಿಗೆ ನೂರು ಮೀಟರಿನಲ್ಲಿ ಅವರ ನಿಜವಾದ ಶ್ರೇಷ್ಠ ಸಮಯ 9.69. ನಿಂತಲ್ಲಿಂದ ವೇಗ ಹಿಡಿಯುವುದಕ್ಕೆ ಹೊತ್ತು ಬೇಕು. ಅದೇ ವರ್ಷ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ 9.58ರ ದಾಖಲೆ ಆದಾಗ ಮೊದಲ 20 ಮೀಟರಿಗೆ 2.89 ಸೆಕೆಂಡು ಹಿಡಿದಿತ್ತು. 60ರಿಂದ 80 ಮೀಟರ್ ನಡುವಿನ ಅಷ್ಟೇ ದೂರಕ್ಕೆ ಬರೀ 1.61 ಸೆಕೆಂಡು. ಓಟ ಉದ್ದವಾದಷ್ಟೂ ಈ ಆರಂಭದ ನಷ್ಟ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ.

ಎರಡನೆಯದು ಕೋಣಗಳ ಪಾಲು. ಅಥ್ಲೆಟಿಕ್ಸ್‌ನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ವೇಗ ದಾಟಿದರೆ ಆ ಸಮಯ ದಾಖಲೆಯ ಪುಸ್ತಕ ಸೇರುವುದಿಲ್ಲ. ಗಾಳಿಗೇ ಇಷ್ಟು ಕಟ್ಟುನಿಟ್ಟಾದರೆ ಮುಂದೆ ಎಳೆಯುವ ಎರಡು ಕೋಣಗಳಿಗೆ ಏನು ಹೇಳೋಣ! ಸ್ಪ್ರಿಂಟ್ ಕೋಚ್‌ಗಳು ಓಟಗಾರನ ಸೊಂಟಕ್ಕೆ ಇಲಾಸ್ಟಿಕ್ ಹಗ್ಗ ಕಟ್ಟಿ ಮುಂದಿನಿಂದ ಎಳೆಸಿ, ಅವನ ಸ್ವಂತ ಗರಿಷ್ಠ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಅಭ್ಯಾಸ ಮಾಡಿಸುತ್ತಾರೆ. ಕಂಬಳದ ಕರೆಯಲ್ಲಿ ಓಟ ಶುರುವಾಗುವ ಗಂತಿನಿಂದ ಅದು ಮುಗಿಯುವ ಮಂಜೊಟ್ಟಿಯವರೆಗೆ ನಡೆಯುವುದು ಹೆಚ್ಚು ಕಡಿಮೆ ಇದೇ. ಹಾಗೆಂದು ಅದು ಸಲೀಸು ಎಂದಲ್ಲ. ಕೆಸರುನೀರಿನಲ್ಲಿ, ಬರಿಗಾಲಿನಲ್ಲಿ, ಓಡುವ ಕೋಣಗಳ ವೇಗಕ್ಕೆ ಕಾಲು ಕೂಡಿಸುತ್ತಾ ಬೀಳದೆ ಉಳಿಯುವುದು ವರ್ಷಗಟ್ಟಲೆ ಪಳಗಿದವರಿಗಷ್ಟೇ ಸಾಧ್ಯ. ಆದರೆ ಅದು ಬೇರೆಯೇ ವಿದ್ಯೆ.

ಆ ದಿನಗಳಲ್ಲಿ ಪದೇ ಪದೇ ಕೇಳಿಬಂದ ಇನ್ನೊಂದು ಮಾತು ಇತ್ತು: ಇದು ರಕ್ತದಲ್ಲೇ ಬಂದದ್ದು, ಕಲಿಸಿ ಬರುವಂಥದ್ದಲ್ಲ. ನೂಲಿನಂತೆ ಸೀರೆ ಎಂಬ ಗಾದೆಯನ್ನು ನಂಬಿ ಬೆಳೆದ ನಮಗೆ ಈ ವಾದ ಸುಲಭವಾಗಿ ರುಚಿಸುತ್ತದೆ. ಈಗ ಅದಕ್ಕೆ ವಿಜ್ಞಾನದ ಮೊಹರು ಒತ್ತಿಕೊಡುವ ವ್ಯಾಪಾರವೂ ಇದೆ. ಮಗುವಿನ ಎಂಜಲಿನ ಸ್ಯಾಂಪಲ್ ಕಳಿಸಿದರೆ ಅದು ಓಟಕ್ಕೆ ಲಾಯಕ್ಕೋ, ಈಜಿಗೋ, ಭಾರ ಎತ್ತುವುದಕ್ಕೋ ಎಂದು ವರದಿ ಬರುತ್ತದೆ. ಈ ವರದಿಯ ಹಿಂದೆ ನಿಜವಾದ ವಿಜ್ಞಾನ ಎಷ್ಟಿದೆ, ಅದನ್ನು ಎಷ್ಟು ದೂರ ಎಳೆದಿದ್ದಾರೆ ಎಂಬುದು ನೋಡಬೇಕಾದ ಸಂಗತಿ.

ಮೊದಲು ಸ್ನಾಯುವಿನ ವಿಷಯ. ಕೋಳಿ ಹಚ್ಚುವಾಗ ನೋಡಿರುವವರಿಗೆ ಗೊತ್ತು, ಕಾಲಿನ ಮಾಂಸ ಕಂದುಗೆಂಪು, ಎದೆಯ ಮಾಂಸ ಬಿಳಿ. ಕೋಳಿ ದಿನವಿಡೀ ಕಾಲಿನ ಮೇಲೆ ಓಡಾಡುತ್ತದೆ, ರೆಕ್ಕೆ ಬಡಿಯುವುದು ನಾಯಿ ಬೆನ್ನಟ್ಟಿದಾಗ ಒಂದೆರಡು ಕ್ಷಣ ಮಾತ್ರ. ದಿನವೂ ಬಹುದೂರ ಹಾರುವ ಪಾರಿವಾಳದಲ್ಲಿ ಎದೆಯ ಮಾಂಸವೇ ಕಡುಗೆಂಪು. ಆ ಕೆಂಪು ಬಣ್ಣ ಮಯೊಗ್ಲೋಬಿನ್ ಎಂಬ, ಆಮ್ಲಜನಕ ಹಿಡಿದಿಡುವ ಪ್ರೋಟೀನಿನದು. ಅಂಥ ಸ್ನಾಯುವಿನ ಎಳೆಗಳಲ್ಲಿ ಮೈಟೊಕಾಂಡ್ರಿಯಗಳೂ ಹೆಚ್ಚು, ಸುತ್ತ ರಕ್ತನಾಳಗಳೂ ಹೆಚ್ಚು. ಇವು ನಿಧಾನವಾಗಿ ಸಂಕುಚಿಸುತ್ತವೆ, ಗಂಟೆಗಟ್ಟಲೆ ದುಡಿದರೂ ದಣಿಯುವುದಿಲ್ಲ. ಇವನ್ನು ಒಂದನೇ ಬಗೆಯ ಎಳೆಗಳು ಎನ್ನುತ್ತಾರೆ. ಬಿಳಿಯವು ಎರಡನೇ ಬಗೆಯವು, ಸಂಕೋಚನ ಚುರುಕು, ಬಲ ಹೆಚ್ಚು, ದಮ್ಮು ಕೆಲವೇ ಕ್ಷಣ.

ಮನುಷ್ಯರಲ್ಲಿ ಹಕ್ಕಿಗಳಂತೆ ಈ ಎರಡೂ ಬೇರೆ ಬೇರೆ ಕಡೆ ಗುಂಪುಗೂಡಿಲ್ಲ, ಒಂದೇ ಸ್ನಾಯುವಿನೊಳಗೆ ಬೆರೆತಿರುತ್ತವೆ. ಸಾಮಾನ್ಯರ ತೊಡೆಯಲ್ಲಿ ಸರಿಸುಮಾರು ಅರ್ಧಕ್ಕರ್ಧ. ಉತ್ತಮ ಮ್ಯಾರಥಾನ್ ಓಟಗಾರರಲ್ಲಿ ನಿಧಾನದ ಎಳೆಗಳು ಎದ್ದು ಕಾಣುವಷ್ಟು ಹೆಚ್ಚು. 60 ಮೀಟರ್ ಹರ್ಡಲ್ಸ್‌ನ ವಿಶ್ವ ಚಾಂಪಿಯನ್ ಒಬ್ಬರ ತೊಡೆಯಿಂದ ಸೂಜಿಯಲ್ಲಿ ತೆಗೆದ ಚೂರನ್ನು ಪರೀಕ್ಷಿಸಿದಾಗ ಶೇ 71ರಷ್ಟು ಎಳೆಗಳು ವೇಗದವಾಗಿದ್ದವು. ಅದರಲ್ಲೂ ಶೇ 24ರಷ್ಟು ಎಲ್ಲಕ್ಕಿಂತ ವೇಗದ, ಸಾಮಾನ್ಯರಲ್ಲಿ ಅಪರೂಪದ ಜಾತಿಯವು.

ವೇಗದ ಎಳೆಗಳ ಬೆಲೆ ತಿಳಿಯಬೇಕಾದರೆ ಪಾದ ನೆಲ ಮುಟ್ಟುವ ಹೊತ್ತನ್ನು ನೋಡಬೇಕು. ಪೂರ್ಣ ವೇಗದಲ್ಲಿರುವ ಸ್ಪ್ರಿಂಟರ್‌ನ ಪಾದ ಪ್ರತಿ ಹೆಜ್ಜೆಗೂ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರೊಳಗೆ ದೇಹತೂಕದ ಹಲವು ಪಟ್ಟು ಬಲವನ್ನು ನೆಲಕ್ಕೆ ಒತ್ತಬೇಕು. ಅಮೆರಿಕದ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯ ಕಂಡಿತು. ವೇಗದ ಓಟಗಾರರು ಕಾಲನ್ನು ಗಾಳಿಯಲ್ಲಿ ಬೇಗ ಬೀಸುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗೇನಿಲ್ಲ, ಕಾಲು ಬೀಸುವ ಸಮಯ ಗರಿಷ್ಠ ವೇಗದಲ್ಲಿ ಎಲ್ಲರದೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ನೆಲವನ್ನು ಎಷ್ಟು ಬಲವಾಗಿ ಒದೆಯುತ್ತಾರೆ ಎಂಬುದರಲ್ಲಿ. ಆ ಒದೆತಕ್ಕೆ ಬೇಕಾದ ಶಕ್ತಿ ಮೊದಲ ಕೆಲವು ಸೆಕೆಂಡು ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟಿನಿಂದ ಬರುತ್ತದೆ. ಅದು ಮುಗಿಯುತ್ತ ಬಂದಂತೆ ವೇಗ ಇಳಿಯುತ್ತದೆ. ಬರ್ಲಿನ್‌ನಲ್ಲಿ ಬೋಲ್ಟ್ ಅವರ ಕೊನೆಯ 20 ಮೀಟರಿನ ಸಮಯವೂ 1.66ಕ್ಕೆ ಏರಿತ್ತು. ಕೊನೆಯಲ್ಲಿ ಅವರು ಎಲ್ಲರನ್ನೂ ಹಿಂದೆ ಹಾಕಿದಂತೆ ಕಂಡರೆ, ಅವರ ವೇಗ ಉಳಿದವರಷ್ಟು ಬೇಗ ಇಳಿಯಲಿಲ್ಲ ಎಂದಷ್ಟೇ ಅರ್ಥ.

ವಂಶವಾಹಿಯ ಕತೆ ಇಲ್ಲಿ ಸೇರಿಕೊಳ್ಳುತ್ತದೆ. ಸಿಡ್ನಿಯ ವೈದ್ಯೆ, ಸಂಶೋಧಕಿ ಕ್ಯಾಥರಿನ್ ನಾರ್ತ್ 1990ರ ದಶಕದಲ್ಲಿ ಸ್ನಾಯುಕ್ಷಯದ ರೋಗಿಗಳ ಸ್ನಾಯುಗಳನ್ನು ಪರೀಕ್ಷಿಸುತ್ತಿದ್ದರು. ಕೆಲವರಲ್ಲಿ ಆಲ್ಫಾ-ಆಕ್ಟಿನಿನ್-3 ಎಂಬ ಪ್ರೋಟೀನ್ ಇರಲೇ ಇಲ್ಲ. ಚಪ್ಪರದ ಗಳುಗಳನ್ನು ಬಿಗಿದಿಡುವ ಹಗ್ಗದ ಗಂಟಿನಂತೆ ಸ್ನಾಯುವಿನೊಳಗಿನ ತಂತುಗಳನ್ನು ಸಾಲಾಗಿ ಹಿಡಿದಿಡುವ ಪ್ರೋಟೀನ್ ಇದು, ಇರುವುದು ವೇಗದ ಎಳೆಗಳಲ್ಲಿ ಮಾತ್ರ. ರೋಗಕ್ಕೆ ಕಾರಣ ಸಿಕ್ಕಿತು ಎನ್ನುವಷ್ಟರಲ್ಲಿ, ಆರೋಗ್ಯವಾಗಿರುವ ಎಷ್ಟೋ ಮಂದಿಯಲ್ಲೂ ಅದು ಇಲ್ಲ ಎಂದು ತಿಳಿಯಿತು. ಜಗತ್ತಿನಲ್ಲಿ ಅಂಥವರು ಸುಮಾರು 150 ಕೋಟಿ. ಈ ಪ್ರೋಟೀನಿನ ನಕ್ಷೆ ಹೊತ್ತ ಎಸಿಟಿಎನ್-3 ವಂಶವಾಹಿಯಲ್ಲಿ ಎರಡು ರೂಪಗಳಿವೆ. ಆರ್ ರೂಪದಿಂದ ಪ್ರೋಟೀನ್ ತಯಾರಾಗುತ್ತದೆ, ಎಕ್ಸ್ ರೂಪದಿಂದ ಆಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಎಕ್ಸ್ ಬಂದರೆ ಪ್ರೋಟೀನ್ ಪೂರ್ತಿ ಇಲ್ಲ.

2003ರಲ್ಲಿ ನಾರ್ತ್ ಅವರ ತಂಡ ಆಸ್ಟ್ರೇಲಿಯಾದ ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಪರೀಕ್ಷಿಸಿತು. ಸಾಮಾನ್ಯ ಜನರಲ್ಲಿ ಈ ಪ್ರೋಟೀನ್ ಇಲ್ಲದವರು ಶೇ 18ರಷ್ಟಿದ್ದರೆ ಸ್ಪ್ರಿಂಟ್ ಮತ್ತು ಬಲದ ಕ್ರೀಡೆಗಳವರಲ್ಲಿ ಶೇ 6ರಷ್ಟು ಮಾತ್ರ. ದೀರ್ಘ ದೂರದವರಲ್ಲಿ ಪ್ರಮಾಣ ಸ್ವಲ್ಪ ಹೆಚ್ಚೇ ಇತ್ತು. ಪತ್ರಿಕೆಗಳು ಇದಕ್ಕೆ ‘ವೇಗದ ಜೀನ್’ ಎಂದು ನಾಮಕರಣ ಮಾಡಿದವು. ಬೆನ್ನಲ್ಲೇ ಪರೀಕ್ಷೆಗಳು ಅಂಗಡಿಗೆ ಬಂದವು. 2008ರಲ್ಲಿ ಅಮೆರಿಕದಲ್ಲಿ ತಂದೆ ತಾಯಂದಿರು 149 ಡಾಲರ್ ಕೊಟ್ಟು ಪುಟ್ಟ ಮಕ್ಕಳ ಭವಿಷ್ಯ ಕೇಳತೊಡಗಿದರು. ಈಗ ನಮ್ಮಲ್ಲೂ ಇಂಥ ಕಿಟ್‌ಗಳು ಸಿಗುತ್ತವೆ.

ನಾರ್ತ್ ಅವರ ಸಂಶೋಧನೆಯಲ್ಲಿ ದೋಷವಿಲ್ಲ, ಬೇರೆ ದೇಶಗಳಲ್ಲೂ ಅದು ಸಾಕಷ್ಟು ಬಾರಿ ದೃಢಪಟ್ಟಿದೆ. ತಪ್ಪಿರುವುದು ಅದರಿಂದ ತೆಗೆದ ತೀರ್ಮಾನದಲ್ಲಿ. ಆರ್ ರೂಪ ಇಲ್ಲದವರು ನೂರು ಮೀಟರ್ ಫೈನಲ್ ತಲುಪುವುದು ಬಹಳ ಕಷ್ಟ ಎಂದರೆ ಸರಿ. ಆರ್ ಇದ್ದವರೆಲ್ಲ ಫೈನಲ್ ತಲುಪುತ್ತಾರೆ ಎಂದರೆ ಜಗತ್ತಿನ ಆರು ನೂರು ಕೋಟಿಗೂ ಹೆಚ್ಚು ಜನ ಸಾಲಾಗಿ ನಿಲ್ಲಬೇಕಾಗುತ್ತದೆ! ಕೆನ್ಯಾದಲ್ಲಿ ಈ ಪ್ರೋಟೀನ್ ಇಲ್ಲದವರು ನೂರಕ್ಕೆ ಒಬ್ಬರಷ್ಟೇ. ಹಾಗಿದ್ದೂ ಆ ದೇಶದ ಕೀರ್ತಿ ಇರುವುದು ದೂರದ ಓಟದಲ್ಲಿ. ಜಮೈಕಾದಲ್ಲೂ ಇಲ್ಲದವರು ಬಹಳ ಕಡಿಮೆ. ಆದರೆ ಅಲ್ಲಿನ ಸ್ಪ್ರಿಂಟರ್‌ಗಳನ್ನು ಅಲ್ಲಿನದೇ ಸಾಮಾನ್ಯ ಜನರ ಜೊತೆ ಹೋಲಿಸಿದಾಗ ಎರಡೂ ಗುಂಪಿನಲ್ಲಿ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇತ್ತು. ಅಂದರೆ ಜಮೈಕಾದ ಓಟಗಾರನನ್ನೂ ಅವನ ಪಕ್ಕದ ಮನೆಯ ಬಸ್ ಡ್ರೈವರನನ್ನೂ ಈ ವಂಶವಾಹಿಯಿಂದ ಬೇರ್ಪಡಿಸಲು ಬರುವುದಿಲ್ಲ. ಇತ್ತ ಸ್ಪೇನ್‌ನಲ್ಲಿ ಎರಡೂ ಎಕ್ಸ್ ಇರುವ ಒಬ್ಬ ಲಾಂಗ್ ಜಂಪ್ ಪಟು 8 ಮೀಟರಿಗೂ ಹೆಚ್ಚು ದೂರ ಜಿಗಿದು ಒಲಿಂಪಿಕ್ಸ್‌ಗೆ ಹೋದರು. ಓಟದ ಸಮಯದಲ್ಲಿ ಕಾಣುವ ಅಂತರವನ್ನು ಈ ಒಂದು ವಂಶವಾಹಿ ಶೇ 1ರಿಂದ 3ರಷ್ಟು ಮಾತ್ರ ವಿವರಿಸುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ.

ಒಂದೇ ವಂಶವಾಹಿ ಕ್ರೀಡೆಯ ಹಣೆಬರಹ ಬರೆದ ಉದಾಹರಣೆ ಇಲ್ಲವೇ ಇಲ್ಲ ಎಂದಲ್ಲ. ಫಿನ್ಲೆಂಡಿನ ಈರೊ ಮಾಂಟಿರಾಂಟಾ 1960ರಿಂದ 1972ರವರೆಗಿನ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ದೂರದ ಸ್ಕೀಯಿಂಗ್‌ನಲ್ಲಿ ಏಳು ಪದಕ ಗೆದ್ದವರು. 1964ರಲ್ಲಿ 15 ಕಿ.ಮೀ. ಸ್ಪರ್ಧೆಯಲ್ಲಿ ಅವರು ಎರಡನೆಯವರಿಗಿಂತ 40 ಸೆಕೆಂಡು ಮುಂದಿದ್ದರು. ರಕ್ತದಲ್ಲಿ ಹಿಮೋಗ್ಲೋಬಿನ್ ವಿಪರೀತ ಇದ್ದದ್ದರಿಂದ ಏನೋ ಮೋಸ ಮಾಡುತ್ತಿದ್ದಾರೆ ಎಂಬ ಗುಮಾನಿ ಬೆನ್ನು ಬಿಡಲಿಲ್ಲ. 1993ರಲ್ಲಿ ಕಾರಣ ಹೊರಬಂತು. ಕೆಂಪು ರಕ್ತಕಣ ತಯಾರಿಸುವ ಆದೇಶವನ್ನು ಗ್ರಹಿಸುವ ವಂಶವಾಹಿಯಲ್ಲಿ ಅವರ ಕುಟುಂಬದ ಹಲವರಿಗೆ ಒಂದು ಬದಲಾವಣೆ ಇತ್ತು, ಆದೇಶ ನಿಲ್ಲಬೇಕಾದ ಕಡೆ ನಿಲ್ಲುತ್ತಿರಲಿಲ್ಲ. ಆದರೆ ಆ ಬದಲಾವಣೆ ಇದ್ದ ಕುಟುಂಬದವರೆಲ್ಲ ಚಾಂಪಿಯನ್ನರಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಇಂಥ ಪ್ರಕರಣ ಅಪರೂಪ ಎಂಬ ಕಾರಣಕ್ಕೇ ಅದು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉಳಿದವರಲ್ಲಿ ಎತ್ತರ, ಕಾಲಿನ ಉದ್ದ, ಹೃದಯದ ಗಾತ್ರ, ಎಳೆಗಳ ಹಂಚಿಕೆ ಎಲ್ಲವೂ ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲು ಸೇರಿ ಆಗುವಂಥವು.

ಹಾಗಾದರೆ ಹುಟ್ಟಿನಿಂದ ಬಂದದ್ದು ನಗಣ್ಯವೇ? ಖಂಡಿತ ಅಲ್ಲ. 1990ರ ದಶಕದಲ್ಲಿ ಕ್ಲಾಡ್ ಬೂಶಾರ್ ನೇತೃತ್ವದ ‘ಹೆರಿಟೇಜ್’ ಅಧ್ಯಯನದಲ್ಲಿ ವ್ಯಾಯಾಮದ ಅಭ್ಯಾಸವೇ ಇಲ್ಲದ 98 ಕುಟುಂಬಗಳ 481 ಮಂದಿಗೆ 20 ವಾರ ಒಂದೇ ಅಳತೆಯ ಸೈಕಲ್ ತರಬೇತಿ ಕೊಟ್ಟರು. ಆಮ್ಲಜನಕ ಬಳಸುವ ಸಾಮರ್ಥ್ಯ ಸರಾಸರಿ ನಿಮಿಷಕ್ಕೆ 400 ಮಿಲಿಲೀಟರಿನಷ್ಟು ಹೆಚ್ಚಿತು. ಸರಾಸರಿಯ ಒಳಗೆ ಇಣುಕಿದರೆ ಕೆಲವರಲ್ಲಿ ಒಂದು ಲೀಟರಿಗೂ ಹೆಚ್ಚು ಏರಿಕೆ, ಕೆಲವರಲ್ಲಿ ಬಹುತೇಕ ಏನೂ ಇಲ್ಲ. ಹೆಚ್ಚು ಏರಿಕೆ ಕಂಡವರು ಕೆಲವು ಕುಟುಂಬಗಳಲ್ಲಿ ಗುಂಪಾಗಿ ಸಿಕ್ಕರು. ಈ ಅಂತರದ ಅರ್ಧದಷ್ಟಕ್ಕೆ ಕುಟುಂಬವೇ ಕಾರಣ ಎಂದು ಲೆಕ್ಕ ಹಾಕಿದರು. ಕೋಚ್‌ಗಳಿಗೆ ಇದು ಅನುಭವದಲ್ಲಿ ಗೊತ್ತಿದ್ದದ್ದೇ. ಒಂದೇ ವರ್ಕೌಟ್‌ಗೆ ಒಬ್ಬ ಹುಡುಗಿ ಮೂರು ತಿಂಗಳಲ್ಲಿ ಹಾರುತ್ತಾಳೆ, ಇನ್ನೊಬ್ಬಳು ಇದ್ದಲ್ಲೇ ಇರುತ್ತಾಳೆ. ಆದರೆ ಯಾರು ಹಾರುತ್ತಾರೆ ಎಂದು ಮೊದಲೇ ಹೇಳುವ ವಂಶವಾಹಿ ಪಟ್ಟಿ ಇವತ್ತಿಗೂ ತಯಾರಾಗಿಲ್ಲ. ತರಬೇತಿ ಕೊಟ್ಟು ನೋಡಬೇಕು, ಅಷ್ಟೇ.

ಜಮೈಕಾ ಮಾಡುವುದೂ ಅದನ್ನೇ. ಆ ಪುಟ್ಟ ದ್ವೀಪದಲ್ಲಿ ‘ಚಾಂಪ್ಸ್’ ಎಂದು ಕರೆಯುವ ಪ್ರೌಢಶಾಲೆಗಳ ಕ್ರೀಡಾಕೂಟ 1910ರಿಂದ ನಡೆಯುತ್ತಿದೆ. ಕಿಂಗ್‌ಸ್ಟನ್ನಿನ ಸ್ಟೇಡಿಯಂ ಮಕ್ಕಳ ಓಟಕ್ಕೆ ತುಂಬಿ ತುಳುಕುತ್ತದೆ. ಹಳ್ಳಿಯ ಶಾಲೆಗಳಿಗೂ ಕಲಿತ ಕೋಚ್‌ಗಳು ಸಿಗುವಂತೆ ಅವರನ್ನು ತಯಾರು ಮಾಡುವ ಕಾಲೇಜು ಅಲ್ಲಿದೆ. ಬೋಲ್ಟ್ ಹುಡುಗನಾಗಿದ್ದಾಗ ಹುಚ್ಚು ಇದ್ದದ್ದು ಕ್ರಿಕೆಟ್ಟಿನದು. ಬೌಲಿಂಗ್‌ಗೆ ಓಡಿಬರುವುದನ್ನು ಕಂಡ ಕ್ರಿಕೆಟ್ ಕೋಚೇ ಟ್ರ್ಯಾಕಿಗೆ ಹೋಗು ಎಂದರು. ಹದಿನೈದನೇ ವಯಸ್ಸಿಗೆ, 2002ರಲ್ಲಿ, ಅವರು ಕಿಂಗ್‌ಸ್ಟನ್‌ನಲ್ಲೇ ವಿಶ್ವ ಜೂನಿಯರ್ 200 ಮೀಟರ್ ಗೆದ್ದರು. ನೋಡುವ ಕಣ್ಣು, ಕಳಿಸಲು ಒಂದು ಟ್ರ್ಯಾಕ್, ಅಲ್ಲಿ ಕಾದಿರುವ ಕೋಚ್ ಈ ಮೂರೂ ಇದ್ದದ್ದರಿಂದ ಆ ವಂಶವಾಹಿಗಳಿಗೆ ಕೆಲಸ ಸಿಕ್ಕಿತು.

ನಮ್ಮಲ್ಲಿ ಇದರ ಉಲ್ಟಾ ಪ್ರಯೋಗವೊಂದು ನಡೆದಿದೆ. 1980ರ ದಶಕದ ಉತ್ತರಾರ್ಧದಲ್ಲಿ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಯಲ್ಲಾಪುರ, ಹಳಿಯಾಳದ ಕಾಡಂಚಿನ ಊರುಗಳಿಂದ ಬಂದ ಆ ಮಕ್ಕಳನ್ನು ಆರಿಸಿದ್ದರ ಹಿಂದಿನ ಮುಖ್ಯ ತರ್ಕ ಒಂದೇ: ಇವರ ಪೂರ್ವಿಕರು ಆಫ್ರಿಕಾದವರು, ಓಟ ರಕ್ತದಲ್ಲಿದೆ. ಪೂರ್ವಿಕರ ಮಾತು ನಿಜವೇ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸಿದ್ದಿಗಳ ವಂಶದ ಅರ್ಧಕ್ಕಿಂತ ಹೆಚ್ಚು ಪಾಲು ಆಫ್ರಿಕಾದ ಬಾಂಟು ಭಾಷಿಕರಿಂದ ಬಂದದ್ದು, ಉಳಿದದ್ದರಲ್ಲಿ ಭಾರತೀಯರದೂ ಬಹುಶಃ ಯುರೋಪಿಯನ್ನರದೂ ಸೇರಿದೆ. ಆದರೆ ಬಾಂಟು ಭಾಷೆಗಳನ್ನಾಡುವ ಕೋಟ್ಯಂತರ ಜನ ಆಫ್ರಿಕಾದ ಅರ್ಧ ಖಂಡದಲ್ಲಿ ಹರಡಿದ್ದಾರೆ, ಅವರೆಲ್ಲ ಒಲಿಂಪಿಕ್ಸ್ ಪದಕ ತರುತ್ತಿಲ್ಲ.

ಆ ಮಕ್ಕಳು ನಿರಾಶೆ ಮಾಡಲಿಲ್ಲ. ಸಿದ್ದಿ ಹುಡುಗ ಹುಡುಗಿಯರು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದಲ್ಲಿ ಗೆಲ್ಲತೊಡಗಿದರು. ಆದರೆ 1990ರ ದಶಕದ ಮೊದಲ ವರ್ಷಗಳಲ್ಲೇ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು, ಹಲವರು ಊರಿಗೆ ಮರಳಿ ಗದ್ದೆ, ಕೂಲಿ ಹಿಡಿದರು. ಇದರ ಪಾಠ ಸ್ಪಷ್ಟ. ಹಾಸ್ಟೆಲ್, ಹೊಟ್ಟೆ ತುಂಬ ಊಟ, ಕೋಚ್ ಇದ್ದಾಗ ಪದಕ ಬಂತು, ಅವು ಹೋದಾಗ ಪದಕವೂ ಹೋಯಿತು. ವಂಶವಾಹಿಗಳು ಅಷ್ಟೂ ದಿನ ಅಲ್ಲೇ ಇದ್ದವು. ಇಷ್ಟಾದರೂ ‘ರಕ್ತ’ದ ವಾದ ಸರ್ಕಾರಕ್ಕೆ ಅನುಕೂಲದ್ದು. ಗೆದ್ದರೆ ಹುಟ್ಟುಗುಣ, ಸೋತರೂ ಹುಟ್ಟುಗುಣ, ನಡುವೆ ಅನುದಾನದ ಪ್ರಶ್ನೆಯೇ ಏಳುವುದಿಲ್ಲ. ಆ ಸಮುದಾಯದ ಮಕ್ಕಳಿಗೂ ಇದರಿಂದ ಅನ್ಯಾಯವೇ. ಅವರು ಬೆಳಗಿನ ಜಾವ ಎದ್ದು ಬೆವರು ಸುರಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಎಂಜಲು ಪರೀಕ್ಷೆಯ ಮಾತಿಗೆ ಬರೋಣ. 2015ರಲ್ಲಿ ಈ ಕ್ಷೇತ್ರದ ಹಲವು ದೇಶಗಳ ತಜ್ಞರು ಬ್ರಿಟಿಷ್ ಕ್ರೀಡಾವೈದ್ಯಕೀಯ ಪತ್ರಿಕೆಯಲ್ಲಿ ಒಟ್ಟಾಗಿ ಬರೆದರು: ಮಕ್ಕಳಲ್ಲಿ ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳಿಂದ ಪ್ರಯೋಜನವಿಲ್ಲ, ಮಕ್ಕಳನ್ನು ಇದಕ್ಕೆ ಒಡ್ಡಬಾರದು. ಕಾರಣ ಸರಳ. ಮಗು 30 ಮೀಟರ್ ಓಡಿದಾಗ ಬರುವ ಸಮಯದಲ್ಲಿ ಅದರ ಎಲ್ಲ ವಂಶವಾಹಿಗಳ ಪಾಲೂ ಸೇರಿದೆ, ಗೊತ್ತಿರುವವುಗಳದ್ದು ಮಾತ್ರವಲ್ಲ, ಇನ್ನೂ ಪತ್ತೆಯಾಗದ ನೂರಾರು ವಂಶವಾಹಿಗಳದ್ದೂ. ಜೊತೆಗೆ ತಿಂದ ಅನ್ನ, ಆಡಿದ ಆಟ, ಮಾಡಿದ ಅಭ್ಯಾಸವೂ ಸೇರಿದೆ. ಇದೆಲ್ಲವನ್ನೂ ಒಂದೇ ಅಂಕಿಯಲ್ಲಿ ಹೇಳುವ ಉಪಕರಣ ಪಿಟಿ ಮೇಷ್ಟ್ರ ಕುತ್ತಿಗೆಯಲ್ಲಿ ತೂಗುತ್ತಿರುವಾಗ, ಒಂದೋ ಹತ್ತೋ ವಂಶವಾಹಿ ನೋಡಿ ಹೇಳುವ ಭವಿಷ್ಯಕ್ಕೆ ದುಡ್ಡು ಏಕೆ ಸುರಿಯಬೇಕು?

ಸ್ಟಾಪ್‌ವಾಚೂ ಒಂದೇ ಸಲಕ್ಕೆ ಸತ್ಯ ಹೇಳುವುದಿಲ್ಲ ಎಂಬ ಎಚ್ಚರ ಮಾತ್ರ ಇರಬೇಕು. ಹದಿಮೂರು ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ದೇಹದ ವಯಸ್ಸಿನಲ್ಲಿ ಅವರ ನಡುವೆ ಮೂರು ನಾಲ್ಕು ವರ್ಷದ ಅಂತರ ಇರಬಹುದು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಮೊದಲನೆಯವನು ಗೆದ್ದು ಕ್ರೀಡಾ ಹಾಸ್ಟೆಲ್ ಸೇರುತ್ತಾನೆ, ಎರಡನೆಯವನು ಓಟವನ್ನೇ ಬಿಡುತ್ತಾನೆ. ಹದಿನೇಳಕ್ಕೆ ಅವನೇ ಮುಂದಾಗಬಹುದಿತ್ತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಶಾಲೆಯಲ್ಲಿ ಆರು ತಿಂಗಳಿಗೊಮ್ಮೆ 30 ಮೀಟರಿನ ಓಟ, ನಿಂತಲ್ಲಿಂದ ಜಿಗಿತ ಮತ್ತು ಎತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಈಗ ಎಷ್ಟು ವೇಗ ಎಂಬುದಕ್ಕಿಂತ ವರ್ಷದಿಂದ ವರ್ಷಕ್ಕೆ ಎಷ್ಟು ಏರಿತು ಎಂಬುದು ಕಾಣುತ್ತದೆ. ಕೋಚ್‌ಗೆ ಬೇಕಾದ ಮಾಹಿತಿ ಅದು. ಮಗು ಓಡಬಲ್ಲದೇ ಎಂದು ತಿಳಿಯುವ ದಾರಿ ಅದನ್ನು ಓಡಿಸಿ ನೋಡುವುದು, ಸೋತರೆ ಮುಂದಿನ ವರ್ಷವೂ ಓಡಲು ಅವಕಾಶ ಕೊಡುವುದು. ಇದಕ್ಕೆ ಬೇಕಾದದ್ದು ಮೈದಾನ ಇರುವ ಶಾಲೆ ಮತ್ತು ಖಾಲಿ ಬಿಡದೆ ತುಂಬಿದ ಪಿಟಿ ಮೇಷ್ಟ್ರ ಹುದ್ದೆ.